ಹೆಲ್ಮೆಟ್ ತೆಗೆದ ಮೇಲಿನ ಕಥೆ: ‘ಲಗಾರ್ಡಿಯಾ’ ಓದುವ ಬಗೆ

ಕಪ್ಪು ಜನರೇ ಮುಖ್ಯ ಪಾತ್ರಗಳಾಗಿರುವ ವೈಜ್ಞಾನಿಕ ಕಾಮಿಕ್ಸನ್ನು ಮೊದಲ ಸಲ ತೆರೆಯುವವರು ಅದರೊಳಗೆ ವರ್ಣಭೇದದ ಕುರಿತ ಸಂದೇಶವೊಂದನ್ನು ಹುಡುಕತೊಡಗುತ್ತಾರೆ. ಸಂದೇಶ ಸಿಕ್ಕಿತೋ, ಓದು ಮುಗಿಯಿತೆಂದು ಪುಸ್ತಕ ಮುಚ್ಚುತ್ತಾರೆ. ಈ ಅಭ್ಯಾಸಕ್ಕೆ ಒಂದು ಚರಿತ್ರೆಯಿದೆ. 1953ರಲ್ಲಿ ಅಮೆರಿಕದ ಇಸಿ ಕಾಮಿಕ್ಸ್ ಸಂಸ್ಥೆ ‘ಜಡ್ಜ್‌ಮೆಂಟ್ ಡೇ’ ಎಂಬ ಪುಟ್ಟ ಚಿತ್ರಕಥೆಯನ್ನು ಪ್ರಕಟಿಸಿತು. ಆಲ್ ಫೆಲ್ಡ್‌ಸ್ಟೀನ್ ಬರೆದು ಜೋ ಒರ್ಲಾಂಡೊ ಚಿತ್ರಿಸಿದ ಕಥೆ ಅದು. ಭೂಮಿಯಿಂದ ಬಂದ ಗಗನಯಾತ್ರಿಯೊಬ್ಬ ಯಂತ್ರಮಾನವರ ಗ್ರಹವೊಂದನ್ನು ಪರೀಕ್ಷಿಸುತ್ತಾನೆ. ಒಳಗೆಲ್ಲ ಒಂದೇ ತೆರನಾದ ಯಂತ್ರಗಳಿದ್ದರೂ ಹೊರಕವಚ ಕಿತ್ತಳೆಯಾಗಿರುವವರು ನೀಲಿಯವರನ್ನು ಕೀಳಾಗಿ ಕಾಣುವುದನ್ನು ಕಂಡು, ಈ ಗ್ರಹ ಇನ್ನೂ ಗಣರಾಜ್ಯಕ್ಕೆ ಸೇರಲು ಯೋಗ್ಯವಾಗಿಲ್ಲವೆಂದು ತೀರ್ಮಾನಿಸಿ ಹೊರಡುತ್ತಾನೆ. ಕೊನೆಯ ಚೌಕಟ್ಟಿನಲ್ಲಿ ಹೆಲ್ಮೆಟ್ ತೆಗೆದಾಗ ಅವನು ಕಪ್ಪು ಮನುಷ್ಯ ಎಂದು ನಮಗೆ ತಿಳಿಯುತ್ತದೆ. 1956ರಲ್ಲಿ ಇದನ್ನು ಮರುಮುದ್ರಿಸಲು ಹೊರಟಾಗ, ಕಾಮಿಕ್ಸ್‌ಗಳ ನೀತಿಸಂಹಿತೆ ಜಾರಿಮಾಡುತ್ತಿದ್ದ ಅಧಿಕಾರಿ ಆ ಮುಖವನ್ನು ಬದಲಿಸಬೇಕೆಂದು ಪಟ್ಟುಹಿಡಿದ. ಸಂಪಾದಕ ಮತ್ತು ಪ್ರಕಾಶಕರು ಬಗ್ಗಲಿಲ್ಲ. ಕಥೆ ಹಾಗೆಯೇ ಅಚ್ಚಾಯಿತು. ಇಸಿ ಹೊರತಂದ ಕೊನೆಯ ಕಾಮಿಕ್ಸ್ ಅದೇ.

ಆ ದಿಟ್ಟತನವನ್ನು ಕಡಿಮೆ ಮಾಡಿ ಹೇಳುವುದು ಸಲ್ಲದು. ಆದರೂ ಆ ಕಥೆಯ ಕಟ್ಟೋಣವನ್ನು ಗಮನಿಸಬೇಕು. ಅಲ್ಲಿ ಕಪ್ಪು ಮುಖ ಬರುವುದು ಕೊನೆಗೆ, ಓದುಗನನ್ನು ಬೆಚ್ಚಿಬೀಳಿಸುವುದಕ್ಕೆ. ಆ ಗಗನಯಾತ್ರಿಗೆ ಮನೆಯಿಲ್ಲ, ಅಜ್ಜಿಯಿಲ್ಲ, ಸಿಟ್ಟಿಲ್ಲ, ಗುಟ್ಟಿಲ್ಲ. ಮುಖ ಕಂಡದ್ದೇ ಕಥೆ ಮುಗಿಯುತ್ತದೆ. ಇಂದಿನ ಸ್ವತಂತ್ರ ಕಾಮಿಕ್ಸ್‌ಗಳು ಅದೇ ಚೌಕಟ್ಟಿನಿಂದಾಚೆಗೆ ಹೊರಡುತ್ತವೆ. ನಾಯಕಿ ಕಪ್ಪು ಹೆಣ್ಣು ಎಂಬುದು ಮೊದಲ ಪುಟದಲ್ಲೇ ಗೊತ್ತಾಗಿಬಿಡುವ ಸಂಗತಿ. ರಸ ಇರುವುದು ಆಮೇಲೆ ಏನೇನು ತೆರೆದುಕೊಳ್ಳುತ್ತದೆ ಎಂಬುದರಲ್ಲಿ. ಹೊಸಬರು ಕಲಿಯಬೇಕಾದ ಮೊದಲ ಪಾಠ ಇದೇ ಎಂದು ನಾನು ವಾದಿಸುತ್ತೇನೆ. ಅದಕ್ಕೆ ಒಳ್ಳೆಯ ಪಠ್ಯ ನೈಜೀರಿಯಾ ಮೂಲದ ಅಮೆರಿಕನ್ ಲೇಖಕಿ ಎನ್ನೆಡಿ ಒಕೊರಾಫೊರ್ ಬರೆದು ಟಾನಾ ಫೋರ್ಡ್ ಚಿತ್ರಿಸಿದ ‘ಲಗಾರ್ಡಿಯಾ’. ನಾಲ್ಕು ಸಂಚಿಕೆಗಳಲ್ಲಿ 2018ರ ಕೊನೆಯಿಂದ 2019ರವರೆಗೆ ಬಂದ ಈ ಕೃತಿಗೆ 2020ರಲ್ಲಿ ಐಸ್ನರ್ ಮತ್ತು ಹ್ಯೂಗೋ ಪ್ರಶಸ್ತಿಗಳೆರಡೂ ದೊರೆತವು.

ಇದರ ಜಗತ್ತಿನಲ್ಲಿ ಪರಗ್ರಹದವರು ಭೂಮಿಗೆ ಬಂದು ಬಹಳ ಕಾಲವಾಗಿದೆ. ಅವರು ಮೊದಲು ಇಳಿದದ್ದು ನ್ಯೂಯಾರ್ಕಿನಲ್ಲೂ ಅಲ್ಲ, ಲಂಡನ್ನಿನಲ್ಲೂ ಅಲ್ಲ, ಲಾಗೋಸಿನಲ್ಲಿ. ನಾಯಕಿ ಫ್ಯೂಚರ್ ವೈದ್ಯೆ, ತುಂಬು ಬಸುರಿ. ನೈಜೀರಿಯಾದಿಂದ ಹೊರಟು, ‘ಲೆಟ್‌ಮಿ ಲಿವ್’ ಎಂಬ ಹೆಸರಿನ ಮಾತನಾಡುವ ಗಿಡವೊಂದನ್ನು ಅಮೆರಿಕದೊಳಗೆ ಕದ್ದು ಸಾಗಿಸುತ್ತಾಳೆ. ಅಲ್ಲಿಂದ ಕಥೆ ನ್ಯೂಯಾರ್ಕಿನ ಸೌತ್ ಬ್ರಾಂಕ್ಸಿನಲ್ಲಿ, ಅಜ್ಜಿಯ ಆಶ್ರಯದಲ್ಲಿ ಮನುಷ್ಯರೂ ಅನ್ಯಗ್ರಹದವರೂ ಕೂಡಿ ಬಾಳುವ ವಸತಿಗೆ ಹೋಗುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ನೋಡಿ. ಪಾಶ್ಚಾತ್ಯ ವೈಜ್ಞಾನಿಕ ಕಥೆಗಳಲ್ಲಿ ಪರಗ್ರಹದ ಜೀವಿ ಬಹಳ ಸಲ ಯಾವುದೋ ತುಳಿತಕ್ಕೊಳಗಾದ ಜನರ ಬದಲಿಗೆ ನಿಂತಿರುತ್ತದೆ. ‘ಜಡ್ಜ್‌ಮೆಂಟ್ ಡೇ’ಯ ನೀಲಿ ಯಂತ್ರಮಾನವನೂ ಅಂಥ ಬದಲಿಯೇ. ‘ಲಗಾರ್ಡಿಯಾ’ದಲ್ಲಿ ತಪಾಸಣೆಯ ಸಾಲಿನಲ್ಲಿ ಕಪ್ಪು ವಲಸೆಗಾರ್ತಿ ಸ್ವತಃ ನಿಂತಿದ್ದಾಳೆ. ಅವಳ ಪಾಡನ್ನು ಹೇಳಲು ಗಿಡ ಬೇಕಾಗಿಲ್ಲ. ಆದ್ದರಿಂದ ಗಿಡಕ್ಕೆ ಗಿಡವಾಗಿಯೇ ಇರುವ ಸ್ವಾತಂತ್ರ್ಯ ಸಿಕ್ಕಿದೆ: ಅದಕ್ಕೆ ತನ್ನದೇ ಭಯ, ತನ್ನದೇ ಹಟ. ರೂಪಕದ ಭಾರ ಇಳಿದಾಗ ಎರಡು ಪಾತ್ರಗಳೂ ಬೆಳೆಯುತ್ತವೆ.

ಇದು ಮಾತಿಗಿಂತ ಹೆಚ್ಚಾಗಿ ಚಿತ್ರಗಳಲ್ಲಿ ನಡೆಯುವ ಕೆಲಸ. ಹಾಗಾಗಿ ಮಾತಿನ ಗುಳ್ಳೆಗಳನ್ನಷ್ಟೇ ಓದಿ ಪುಟ ಮಗುಚುವವರಿಗೆ ಅರ್ಧ ಪುಸ್ತಕ ತಪ್ಪಿಹೋಗುತ್ತದೆ. ಒಮ್ಮೆ ಕಥೆಗಾಗಿ ಓದಿ. ಎರಡನೆಯ ಸಲ ಚೌಕಟ್ಟಿನ ಅಂಚುಗಳನ್ನು ಮಾತ್ರ ನೋಡಿ: ಹಿಂದೆ ಯಾರು ನಡೆದುಹೋಗುತ್ತಿದ್ದಾರೆ, ಏನು ಉಟ್ಟಿದ್ದಾರೆ, ಗುಂಪಿನಲ್ಲಿ ಯಾವ ಜೀವಿಯನ್ನು ಯಾರೂ ತಲೆಯೆತ್ತಿ ನೋಡುತ್ತಿಲ್ಲ. ಫೋರ್ಡ್ ಅವರ ಗೆರೆ ದಟ್ಟವಾದದ್ದು, ಸಂದಣಿಯನ್ನು ಪ್ರೀತಿಸುವಂಥದ್ದು. ಜೇಮ್ಸ್ ಡೆವ್ಲಿನ್ ಹಾಕಿದ ಬಣ್ಣ ಅದನ್ನು ಇನ್ನಷ್ಟು ಉಕ್ಕಿಸುತ್ತದೆ. ಕೂದಲನ್ನು ಅವಶ್ಯವಾಗಿ ಗಮನಿಸಿ. ಕಪ್ಪು ಹೆಂಗಸರ ಜಡೆ ಅಮೆರಿಕದ ಶಾಲೆ, ಕಚೇರಿ, ವಿಮಾನ ನಿಲ್ದಾಣಗಳಲ್ಲಿ ಇಂದಿಗೂ ಜಗಳದ ವಿಷಯ. ಆ ಹಿನ್ನೆಲೆ ಗೊತ್ತಿದ್ದವರಿಗೆ, ಫ್ಯೂಚರ್‌ಳ ಕೂದಲನ್ನು ಕಲಾವಿದೆ ಎಷ್ಟು ಅಕ್ಕರೆಯಿಂದ ಬಿಡಿಸಿದ್ದಾಳೆ ಎಂಬುದೇ ಒಂದು ವಾದವಾಗಿ ಕಾಣುತ್ತದೆ.

ಇದೆಲ್ಲ ರಾಜಕೀಯದ ಕರಪತ್ರ, ವೈಜ್ಞಾನಿಕ ಕಥೆಯಲ್ಲ ಎಂಬ ಆಕ್ಷೇಪವಿದೆ. 2017ರ ಜನವರಿಯಲ್ಲಿ ಅಮೆರಿಕ ಸರ್ಕಾರ ಏಳು ದೇಶಗಳ ಜನರ ಪ್ರಯಾಣವನ್ನು ನಿರ್ಬಂಧಿಸಿತ್ತು. ಕಥೆಯ ಮೇಲೆ ಆ ಕಾಲದ ನೆರಳಿದೆ, ನಿಜ. ಆದರೆ ಕರಪತ್ರಕ್ಕೆ ಒಂದು ಪಕ್ಷ ಪೂರ್ತಿ ಒಳ್ಳೆಯದಾಗಿ ಕಾಣಬೇಕು. ಇಲ್ಲಿ ನೈಜೀರಿಯಾ ಸ್ವರ್ಗವಲ್ಲ, ಅಲ್ಲಿಯೂ ಪರಗ್ರಹದವರನ್ನು ಕಂಡರಾಗದ ಜನರಿದ್ದಾರೆ. ನಾಯಕಿಯೂ ಹುಟ್ಟಲಿರುವ ಮಗುವಿನ ತಂದೆಯನ್ನು ಅಲ್ಲೇ ಬಿಟ್ಟು ಹೊರಟವಳು, ಗುಟ್ಟುಗಳನ್ನು ಬಚ್ಚಿಟ್ಟವಳು. ಅಂದಹಾಗೆ, ಪುಸ್ತಕ ಬಂದ ಮರುವರ್ಷ, 2020ರಲ್ಲಿ, ನೈಜೀರಿಯಾವನ್ನೂ ಅಮೆರಿಕ ನಿರ್ಬಂಧದ ಪಟ್ಟಿಗೆ ಸೇರಿಸಿತು. ಮುಂದಿನದನ್ನು ಊಹಿಸುವುದು ಈ ಪ್ರಕಾರದ ಹಳೆಯ ಕಸುಬೇ ಅಲ್ಲವೇ? ವಿಜ್ಞಾನ ತೆಳುವಾಗಿದೆ ಎಂಬ ದೂರನ್ನು ಮಾತ್ರ ನಾನು ಭಾಗಶಃ ಒಪ್ಪುತ್ತೇನೆ. ಗಿಡದ ಜೀವವಿಜ್ಞಾನವನ್ನು ಇನ್ನಷ್ಟು ಬಿಡಿಸಿ ಹೇಳಬಹುದಿತ್ತು. ಕೊನೆಯ ಸಂಚಿಕೆಯಲ್ಲಿ ಘಟನೆಗಳು ಆತುರದಿಂದ ಒಂದರ ಮೇಲೊಂದು ಬೀಳುತ್ತವೆ.

ದೊಡ್ಡ ಸಂಸ್ಥೆಗಳೇ ಇಂಥ ಪಾತ್ರಗಳನ್ನು ತರುತ್ತಿರುವಾಗ ಸ್ವತಂತ್ರ ಕಾಮಿಕ್ಸ್ ಯಾಕೆ ಎಂದೂ ಕೇಳಬಹುದು. ಒಕೊರಾಫೊರ್ ಅವರೇ ಮಾರ್ವೆಲ್ ಕಂಪನಿಗಾಗಿ ‘ಶುರಿ’ ಎಂಬ ಕಪ್ಪು ನಾಯಕಿಯ ಸರಣಿಯನ್ನು ಬರೆದಿದ್ದಾರೆ. ಆದರೆ ಶುರಿ ಕಂಪನಿಯ ಸೊತ್ತು. ನಾಳೆ ಇನ್ನೊಬ್ಬ ಲೇಖಕ ಅವಳ ದಾರಿಯನ್ನೇ ತಿರುಗಿಸಬಹುದು. ಫ್ಯೂಚರ್‌ಳ ಕಥೆಯನ್ನು ಅದರ ಲೇಖಕಿ ತಾನು ಬಯಸಿದ ಕಡೆ ಮುಗಿಸಿದ್ದಾಳೆ. ಈ ಮುಗಿಸುವ ಹಕ್ಕು ಸುಲಭವಾಗಿ ಸಿಕ್ಕಿದ್ದಲ್ಲ. 1947ರಲ್ಲಿ ಫಿಲಡೆಲ್ಫಿಯಾದ ಪತ್ರಕರ್ತ ಓರಿನ್ ಎವಾನ್ಸ್, ಕಪ್ಪು ಲೇಖಕರು ಮತ್ತು ಕಲಾವಿದರೇ ಸೇರಿ ಮಾಡಿದ ‘ಆಲ್-ನೀಗ್ರೋ ಕಾಮಿಕ್ಸ್’ ಹೊರತಂದರು. ಅದರ ಲಯನ್ ಮ್ಯಾನ್ ಆಫ್ರಿಕದಲ್ಲಿ ಯುರೇನಿಯಂ ನಿಕ್ಷೇಪವನ್ನು ಕಾಯುವ ಯುವ ವಿಜ್ಞಾನಿ. ಎರಡನೆಯ ಸಂಚಿಕೆಗೆ ಎವಾನ್ಸ್ ಅವರಿಗೆ ಅಚ್ಚಿನ ಕಾಗದವನ್ನೇ ಮಾರಲಿಲ್ಲ. ಲಯನ್ ಮ್ಯಾನ್‌ನ ಕಥೆ ಒಂದೇ ಸಂಚಿಕೆಗೆ ನಿಂತಿತು.