ಸಹಿ ಬಿದ್ದ ಮೇಲಿನ ಸಂವಿಧಾನ

ಶ್ಯಾಮ್ ಬೆನಗಲ್ ನಿರ್ದೇಶಿಸಿದ 'ಸಂವಿಧಾನ್' ಸರಣಿ 2014ರಲ್ಲಿ ರಾಜ್ಯಸಭಾ ಟಿವಿಯಲ್ಲಿ ಹತ್ತು ಕಂತುಗಳಲ್ಲಿ ಪ್ರಸಾರವಾಯಿತು. ಸಭೆಯ ನಡಾವಳಿಯಂಥ ಒಣ ಸರಕನ್ನು ಮನೆಮಂದಿಯೆಲ್ಲ ಕೂತು ನೋಡುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ. ಅಂಬೇಡ್ಕರ್ ಪಾತ್ರದ ಸಚಿನ್ ಖೇಡೇಕರ್ ಅವರನ್ನು ಮರೆಯುವುದು ಕಷ್ಟ. ಆದರೆ ಸರಣಿ ಅಂಗೀಕಾರದೊಂದಿಗೆ ಮುಗಿಯುತ್ತದೆ. ಮಹನೀಯರು ಕೂಡಿ ವಾದಿಸಿ ಕೊನೆಗೊಂದು ಗ್ರಂಥವನ್ನು ನಮ್ಮ ಕೈಗಿತ್ತರು ಎಂಬ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ನಮ್ಮ ತಕರಾರು ಈ ಚಿತ್ರದ ಬಗ್ಗೆಯೇ.

ಪ್ರಸ್ತಾವನೆ ಪ್ರಜೆಗಳ ಬಾಯಲ್ಲಿ 'ನಾವು' ಎನ್ನುತ್ತದೆ. ಆದರೆ ಆ ಪ್ರಜೆಗಳ ಮತ ಕೇಳಿರಲಿಲ್ಲ. ರಚನಾ ಸಭೆಗೆ ಪ್ರಾಂತಗಳ ಪ್ರತಿನಿಧಿಗಳನ್ನು ಆರಿಸಿದ್ದು ಪ್ರಾಂತೀಯ ಶಾಸನಸಭೆಗಳು. ಆ ಶಾಸನಸಭೆಗಳನ್ನು ಆರಿಸಿದವರು ಆಸ್ತಿ, ತೆರಿಗೆ, ಓದುಬರಹದ ಲೆಕ್ಕದಲ್ಲಿ ಮತದ ಹಕ್ಕು ಪಡೆದಿದ್ದ ಕೆಲವರು. ಕನ್ನಡ ನಾಡಿನ ಕತೆ ಇನ್ನೂ ಸ್ವಾರಸ್ಯದ್ದು. 1949ರ ನವೆಂಬರ್‌ನಲ್ಲಿ ಮೈಸೂರಿನ ಪರವಾಗಿ ಮಹಾರಾಜರು ಘೋಷಣೆ ಹೊರಡಿಸಿ ಈ ಸಂವಿಧಾನವನ್ನು ಒಪ್ಪಿದರು. ಬೀದರ್, ಕಲಬುರಗಿ, ರಾಯಚೂರುಗಳ ಪರವಾಗಿ ಒಪ್ಪಿದ್ದು ನಿಜಾಮರ ಫರ್ಮಾನು. ಗಣರಾಜ್ಯಕ್ಕೆ ಅರಸರ ಒಪ್ಪಿಗೆ! ಆದರೂ ಬ್ರಿಟಿಷ್ ದೊರೆಯ ಅಂಕಿತಕ್ಕೆ ಯಾರೂ ಕಾಯಲಿಲ್ಲ. 395ನೇ ವಿಧಿ 1947ರ ಸ್ವಾತಂತ್ರ್ಯ ಕಾಯ್ದೆಯನ್ನೇ ರದ್ದು ಮಾಡಿತು.

ಈ ಕೊರತೆಯ ಅರಿವು ಆಗಲೇ ಇತ್ತು. ಇದು ವಯಸ್ಕ ಮತದಾನದಿಂದ ಬಂದ ಸಭೆಯಲ್ಲ, ಹಾಗಾಗಿ ಮುಂದಿನ ಸಂಸತ್ತು ಸರಳ ಬಹುಮತದಿಂದಲೇ ಸಂವಿಧಾನ ತಿದ್ದುವಂತಿರಲಿ ಎಂದು ಟೀಕಾಕಾರರು ವಾದಿಸಿದ್ದರು. ಅಂಬೇಡ್ಕರ್ 1948ರ ನವೆಂಬರ್ 4ರಂದು ಕೊಟ್ಟ ಉತ್ತರದ ಸಾರ ಇಷ್ಟು: ಈ ಸಭೆಗೆ ಪಕ್ಷದ ಸ್ವಾರ್ಥವಿಲ್ಲ, ಮುಂದಿನ ಸಂಸತ್ತಿಗೆ ಇರುತ್ತದೆ, ತನ್ನ ಕಾನೂನಿಗೆ ಅಡ್ಡಬಂದ ವಿಧಿಯನ್ನು ತಿದ್ದಲು ಅದು ಹೊರಡುತ್ತದೆ. ಇಡೀ ನಾಟಕದ ಜೀವ ಇಲ್ಲಿದೆ ಎಂದು ನಮಗನ್ನಿಸುತ್ತದೆ. 368ನೇ ವಿಧಿ ಈ ಅನುಮಾನದ ಕೂಸು. ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ ಬೇಕು, ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನರ ಬೆಂಬಲ ಬೇಕು. ರಾಜ್ಯಗಳ ಅಧಿಕಾರ, ಉಚ್ಚ ನ್ಯಾಯಾಲಯಗಳಂಥ ವಿಷಯವಾದರೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. ವಿಚಿತ್ರವೆಂದರೆ ಮೂಲಭೂತ ಹಕ್ಕುಗಳಿಗೆ ಈ ಎರಡನೆಯ ಬೇಲಿ ಇಲ್ಲ.

ಮೊದಲ ಮಹಾಚುನಾವಣೆಗೂ ಮುಂಚೆ, 1951ರ ಜೂನ್‌ನಲ್ಲಿ ಮೊದಲ ತಿದ್ದುಪಡಿ ಬಂತು. ತಂದದ್ದು ತಾತ್ಕಾಲಿಕ ಸಂಸತ್ತಾಗಿ ಮುಂದುವರಿದಿದ್ದ ಅದೇ ಸಭೆ. ಕಾನೂನು ಮಂತ್ರಿ ಅಂಬೇಡ್ಕರರೇ. ಅದು ಹಿಂದುಳಿದವರ ಮೀಸಲಾತಿಗೆ ಬಲ ಕೊಟ್ಟಿತು, ಜಮೀನ್ದಾರಿ ರದ್ದತಿಯನ್ನು ಕೋರ್ಟಿನಿಂದ ಕಾಪಾಡಿತು, ಜೊತೆಗೆ ಮಾತಿನ ಸ್ವಾತಂತ್ರ್ಯಕ್ಕೆ ಇನ್ನಷ್ಟು ಕಡಿವಾಣ ಹಾಕಿತು. ಎಲ್ಲವೂ ಒಂದೇ ಲಕೋಟೆಯಲ್ಲಿ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 1973ರಲ್ಲಿ 13 ನ್ಯಾಯಾಧೀಶರ ಪೀಠ 7-6ರ ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನದ ಮೂಲ ರಚನೆಯನ್ನು ಕೆಡವುವಂತಿಲ್ಲ ಎಂದಿತು. ಭೂಸುಧಾರಣೆಗೆ ರಕ್ಷಣೆ ಕೊಟ್ಟಿದ್ದ 29ನೇ ತಿದ್ದುಪಡಿ ಊರ್ಜಿತವಾಯಿತು. ಮಠಕ್ಕೆ ಸಿಗದ ಗೆಲುವು ಪ್ರಜೆಗಳಿಗೆ ಸಿಕ್ಕಿತು. ಮೂರೇ ವರ್ಷಕ್ಕೆ, ಪ್ರತಿಪಕ್ಷದ ನಾಯಕರು ಜೈಲಿನಲ್ಲಿದ್ದಾಗ, 42ನೇ ತಿದ್ದುಪಡಿ ಪಾಸಾಯಿತು.

ರಚನಾ ಸಭೆಯಲ್ಲಿ ಕರಡಿನ ಮೇಲೆ 2,473 ತಿದ್ದುಪಡಿಗಳು ಮಂಡನೆಯಾಗಿದ್ದವು. 2019ರ ಜನವರಿಯಲ್ಲಿ 103ನೇ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಮಂಡನೆಯಾದ ದಿನವೇ ಅಂಗೀಕಾರವಾಯಿತು, ಮರುದಿನ ರಾಜ್ಯಸಭೆಯಲ್ಲಿ. ಹನ್ನೊಂದನೆಯ ಕಂತೊಂದು ಇದ್ದಿದ್ದರೆ ಬೆನಗಲ್ ಎಲ್ಲಿಂದ ಶುರು ಮಾಡುತ್ತಿದ್ದರೋ. ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು.