ಹಗ್ಗದ ತುದಿಯಲ್ಲಿ ಸಿಂಹ

1923ರ ‘ದಿ ಎಕ್ಸ್‌ಟ್ರಾ ಗರ್ಲ್’ ಮೂಕಿಚಿತ್ರದಲ್ಲಿ ನಟಿ ಮೇಬಲ್ ನಾರ್ಮಂಡ್ ಸಿಂಹವೊಂದಕ್ಕೆ ಹಗ್ಗ ಕಟ್ಟಿ ಸ್ಟುಡಿಯೊ ತುಂಬ ನಡೆಸಿಕೊಂಡು ಹೋಗುತ್ತಾಳೆ. ಅದು ಸಿಂಹದ ವೇಷ ತೊಟ್ಟ ನಾಯಿ ಎಂದೇ ಅವಳ ನಂಬಿಕೆ. ಸುತ್ತಲಿನವರು ದಿಕ್ಕಾಪಾಲಾಗಿ ಓಡುತ್ತಾರೆ. ಇವಳು ನಿಶ್ಚಿಂತೆಯಿಂದ ಹಗ್ಗ ಜಗ್ಗುತ್ತಾಳೆ. ಸಿಂಹ ಮಾತ್ರ ನಿಜವಾದದ್ದೇ! ನಮ್ಮ ನಗುವೆಲ್ಲ ಅವಳ ಆ ನಿರಾಳ ಮುಖದಲ್ಲಿದೆ. ಸತ್ಯ ತಿಳಿದ ಮೇಲಿನ ಗಾಬರಿಗಿಂತ ಅದಕ್ಕೆ ಮುಂಚಿನ ಆ ನಡಿಗೆಯೇ ನನಗೆ ಹೆಚ್ಚು ಇಷ್ಟ.

1912ರಲ್ಲಿ ಮ್ಯಾಕ್ ಸೆನೆಟ್‌ನ ಹಾಸ್ಯಚಿತ್ರಗಳ ಕಂಪನಿ ಕೀಸ್ಟೋನ್ ಸೇರಿದ ಮೇಬಲ್, ಬೀಳುವ, ಏಳುವ, ಬೆನ್ನಟ್ಟುವ ಗದ್ದಲದ ನಡುವೆಯೂ ಕಣ್ಣಿನಲ್ಲೇ ಕತೆ ಹೇಳಬಲ್ಲವಳಾಗಿದ್ದಳು. 1914ರ ಹೊತ್ತಿಗೆ ನಿರ್ದೇಶನಕ್ಕೂ ಇಳಿದಿದ್ದಳು. ಚಾಪ್ಲಿನ್ ತನ್ನ ಅಲೆಮಾರಿಯ ವೇಷವನ್ನು ಮೊದಲು ತೊಟ್ಟದ್ದು ಆಕೆ ನಿರ್ದೇಶಿಸಿದ ‘ಮೇಬಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್’ ಚಿತ್ರಕ್ಕಾಗಿ. ಆ ಟೋಪಿ, ಆ ಬೆತ್ತದ ಕತೆ ಹೇಳುವವರು ಮೇಬಲ್ ಹೆಸರನ್ನು ಬಿಟ್ಟುಬಿಡುವುದು ದೊಡ್ಡ ಅನ್ಯಾಯ.

ಆಕೆ ನಟಿಸಿದ 1918ರ ‘ಮಿಕ್ಕಿ’ ಭರ್ಜರಿಯಾಗಿ ಓಡಿತು. ಆಮೇಲೆ ಹಾಲಿವುಡ್ಡಿನ ಹಗರಣಗಳ ಸುದ್ದಿಯಲ್ಲಿ ಆಕೆಯ ಹೆಸರು ನಲುಗಿತು. ಕ್ಷಯ 1930ರಲ್ಲಿ ಆಕೆಯನ್ನು ಕೊಂಡೊಯ್ದಿತು. ಚಾಪ್ಲಿನ್‌ನ ಮೊದಲ ವರ್ಷದ ಚಿತ್ರಗಳನ್ನು ನೋಡುವಾಗ ಪಕ್ಕದಲ್ಲಿರುವ ಮೇಬಲ್‌ಳನ್ನು ಗಮನಿಸಿ: ಎಷ್ಟೋ ಕಡೆ ದೃಶ್ಯ ಆಕೆಯದೇ.