ಬೇಸಿಗೆಗೆ ಎರಡು ಕೋರ್, ಚಳಿಗೆ ನಾಲ್ಕು

ಅಂಗೈಯಗಲದ ರಾಸ್ಪ್‌ಬೆರಿ ಪೈ ಬೋರ್ಡನ್ನು ವಿಜ್ಞಾನಿಗಳ ಲೆಕ್ಕಕ್ಕೆ ಹಚ್ಚಬೇಕೆನ್ನುವವರು ಮೊದಲು ಕೇಳುವುದು ವೇಗದ ವಿಚಾರ. ದೆಹಲಿಯ ದ್ವಾರಕಾದಲ್ಲಿ ವಾಸ ಮಾಡುವವರು ಮೊದಲು ತಾಪದ ಬಗ್ಗೆ ಯೋಚಿಸಬೇಕು. 2024ರ ಮೇ ತಿಂಗಳಲ್ಲಿ ಪಕ್ಕದ ನಜಫ್‌ಗಢದಲ್ಲಿ ಬಿಸಿಲು 47 ಡಿಗ್ರಿ ದಾಟಿತ್ತು. ಅಂಥ ದಿನ ಸೊಸೈಟಿಯ ಮೇಲಿನ ಮಹಡಿಯಲ್ಲಿ, ಎ.ಸಿ. ಇಲ್ಲದ ಕೋಣೆಯಲ್ಲಿ, ಪೈ 4 ಬೋರ್ಡನ್ನು ಬರಿಮೈಯಲ್ಲಿ ದುಡಿಸಿದರೆ ಚಿಪ್ 80 ಡಿಗ್ರಿ ಮುಟ್ಟಲು ಹೆಚ್ಚು ಹೊತ್ತು ಬೇಡ. ಅಲ್ಲಿಂದಾಚೆಗೆ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ.

ಫ್ಯಾನ್ ಹಾಕಬಹುದು, ಆದರೆ ಮೇ-ಜೂನ್‌ನ ಧೂಳುಗಾಳಿ ‘ಆಂಧಿ’ ಬೀಸಿದಾಗ ಕಿಟಕಿ ಮುಚ್ಚಿದ್ದರೂ ಧೂಳು ಒಳಗೆ ಬಂದು ಅದರ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ನನಗೆ ಮೆಚ್ಚಿಗೆಯಾದದ್ದು ಅಲ್ಯುಮಿನಿಯಂ ಕೇಸ್. ಅದರೊಳಗಿನ ಲೋಹದ ಗುಬುಟು ಚಿಪ್ಪಿನ ನೆತ್ತಿಯ ಮೇಲೆ ಕೂರುತ್ತದೆ, ನಡುವೆ ಥರ್ಮಲ್ ಪ್ಯಾಡ್. ಪ್ಯಾಡಿನ ಎರಡೂ ಬದಿಯ ತೆಳು ಪ್ಲಾಸ್ಟಿಕ್ ಪೊರೆಯನ್ನು ಉಗುರಿನಿಂದ ಎಬ್ಬಿಸಿ ತೆಗೆಯಬೇಕು. ಸರಿಯಾಗಿ ಕೂತಿದ್ದರೆ ಕೇಸಿನ ಮೈಯೇ ಬೆಚ್ಚಗಾಗುತ್ತದೆ. ಚಿಪ್ ಕುದಿಯುತ್ತಿದ್ದು ಕೇಸ್ ತಣ್ಣಗಿದ್ದರೆ ಬಿಚ್ಚಿ ನೋಡಿ.

ಇನ್ನು ಕರೆಂಟಿಗೆ 5.1 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರೇ ಬೇಕು. ಬೋರ್ಡಿನ ಕೆಂಪು ದೀಪ ಮಿಣುಕಿದರೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. 64 ಬಿಟ್ ಓಎಸ್ ಹಾಕಿ, ವಿಜ್ಞಾನಿಗಳ ಲೆಕ್ಕದ ತುಣುಕುಗಳನ್ನು ತಂದು ಓಡಿಸುವ ಬಾಯಿಂಕ್ ತಂತ್ರಾಂಶ ಇಳಿಸಿ, ಒಂದು ಖಾತೆ ತೆರೆದರೆ ಆಯಿತು.

ಯಾವ ಯೋಜನೆಗೆ ದುಡಿಸುವುದು? ನನ್ನ ಒಲವು 2005ರಲ್ಲಿ ಶುರುವಾದ ಐನ್‌ಸ್ಟೈನ್ ಅಟ್ ಹೋಮ್ ಕಡೆಗೆ. ಪೋರ್ಟೊ ರಿಕೊದ ಅರೆಸಿಬೊ ರೇಡಿಯೊ ಟೆಲಿಸ್ಕೋಪ್ 2020ರ ಡಿಸೆಂಬರಿನಲ್ಲಿ ಕುಸಿದುಬಿತ್ತು. ಅದು ಹಿಡಿದಿಟ್ಟ ದಾಖಲೆಗಳಲ್ಲಿ ಪಲ್ಸಾರ್ ನಕ್ಷತ್ರಗಳನ್ನು ಹುಡುಕುವ ಕೆಲಸವನ್ನು ಈ ಯೋಜನೆ ಪೈನಂಥ ಬೋರ್ಡುಗಳಿಗೂ ಹಂಚಿತು. ಒಂದೇ ತುಣುಕು ಪರಸ್ಪರ ಗುರುತಿಲ್ಲದ ಇಬ್ಬರ ಯಂತ್ರಗಳಿಗೆ ಹೋಗುತ್ತದೆ, ಎರಡೂ ಉತ್ತರ ತಾಳೆಯಾದರೆ ಮಾತ್ರ ಸ್ವೀಕಾರ. 2010ರಲ್ಲಿ ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಜೆ2007+2722 ಪಲ್ಸಾರ್ ಸಿಕ್ಕಾಗ ಶ್ರೇಯ ಸಂದದ್ದು ಅಮೆರಿಕದ ಅಯೋವಾದ ಒಂದು ದಂಪತಿಗೆ ಮತ್ತು ಜರ್ಮನಿಯ ಮೈನ್ಜ್‌ನ ಒಬ್ಬರಿಗೆ. ಇಂಥ ಕೆಲಸಕ್ಕೆ ಓವರ್‌ಕ್ಲಾಕ್ ಮಾಡುವ ಚಪಲ ನನಗೆ ಸೇರುವುದಿಲ್ಲ. ಕಾದ ಚಿಪ್ ಎಲ್ಲೋ ಒಂದು ಅಂಕಿ ತಪ್ಪಿದರೆ ಇಡೀ ರಾತ್ರಿಯ ಲೆಕ್ಕ ನೀರಿಗೆ ಹೋಗಿ, ಅದೇ ತುಣುಕನ್ನು ಮೂರನೆಯವರು ಹೊರಬೇಕಾಗುತ್ತದೆ. ಹಾಗಾಗಿ ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಎರಡೇ ಕೋರ್ ಬಿಡುತ್ತೇನೆ. ಜನವರಿಯ ಮಂಜಿನಲ್ಲಿ ನಾಲ್ಕೂ ನಿಶ್ಚಿಂತೆಯಿಂದ ಓಡುತ್ತವೆ.

ಗ್ರಾಫಿಕ್ಸ್ ಕಾರ್ಡಿನ ದೊಡ್ಡ ಯಂತ್ರಗಳ ಮುಂದೆ ಇದು ನಿಧಾನವೇ, ಒಪ್ಪುತ್ತೇನೆ. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ಹಗಲೂ ರಾತ್ರಿ ಓಡಿದರೆ ಇದು ಎಳೆಯುವ ಸುಮಾರು 7 ವಾಟ್ ಎಂದರೆ ತಿಂಗಳಿಗೆ 5 ಯೂನಿಟ್. ದೆಹಲಿಯಲ್ಲಿ ಸಬ್ಸಿಡಿ ಪಡೆಯುವ ಮನೆಗೆ 200 ಯೂನಿಟ್ ಒಳಗೆ ಇದ್ದರೆ ಕರೆಂಟ್ ಬಿಲ್ ಇಲ್ಲ, ಆ ಗೆರೆಯ ಅಂಚಿನಲ್ಲಿರುವ ಮನೆಯವರು ಮಾತ್ರ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಬಾಯಿಂಕ್ ಪದೇ ಪದೇ ಡಿಸ್ಕಿಗೆ ಬರೆಯುವುದರಿಂದ ಎಸ್‌ಡಿ ಕಾರ್ಡ್ ಬೇಗ ಸವೆಯುತ್ತದೆ. ಎಷ್ಟು ಹೊತ್ತಿಗೊಮ್ಮೆ ಬರೆಯಬೇಕೆಂಬ ಸೆಟ್ಟಿಂಗ್‌ನಲ್ಲಿ 60 ಸೆಕೆಂಡ್ ಇರುವುದನ್ನು 600ಕ್ಕೆ ಏರಿಸಿ. ರಜೆಗೆ ಊರಿಗೆ ಹೊರಡುವವರು ಎರಡು ದಿನ ಮೊದಲೇ ‘ನೋ ನ್ಯೂ ಟಾಸ್ಕ್ಸ್’ ಒತ್ತಿ, ಕೈಯಲ್ಲಿರುವುದನ್ನು ಮುಗಿಸಿ ಕಳಿಸಿಯೇ ಸ್ವಿಚ್ ಆರಿಸಬೇಕು. ನಿಮ್ಮ ಉತ್ತರ ಹೋಗದಿದ್ದರೆ ಜೋಡಿ ಯಂತ್ರದವರ ಲೆಕ್ಕ ಗಡುವು ಮುಗಿಯುವವರೆಗೂ ಅಲ್ಲೇ ನಿಂತಿರುತ್ತದೆ.